ಬಿಸಿ ಸುದ್ದಿಗೆ ಸಾಕ್ಷಿ ಯಾರು?

2009ರ ಅಕ್ಟೋಬರ್ 21ರಂದು ಮೈಕ್ರೋಸಾಫ್ಟ್ ಮತ್ತು ಗೂಗಲ್ ಎರಡೂ ಟ್ವೀಟ್‌ಗಳನ್ನು ತಮ್ಮ ಹುಡುಕಾಟದಲ್ಲಿ ತೋರಿಸಲು ಟ್ವಿಟರ್ ಜೊತೆ ಮಾಡಿಕೊಂಡ ಒಪ್ಪಂದವನ್ನು ಪ್ರಕಟಿಸಿದವು. ಡಿಸೆಂಬರ್ ಹೊತ್ತಿಗೆ ಗೂಗಲ್ ಫಲಿತಾಂಶಗಳ ನಡುವೆಯೇ ಜನ ಆಗಷ್ಟೇ ಬರೆದ ಟ್ವೀಟ್‌ಗಳು ಒಂದರ ಹಿಂದೊಂದು ಸರಿದುಬರತೊಡಗಿದವು. ಭೂಕಂಪದ ಬಗ್ಗೆ ಹುಡುಕಿದವರಿಗೆ ಗೋಡೆ ನಡುಗಿದ್ದನ್ನು ಕಂಡವರ ಮಾತೇ ನೇರವಾಗಿ ಸಿಗುವಂತಾಯಿತು.

ಸರ್ಚ್ ಎಂಜಿನ್ ಒಳಗೆ ಇದು ಸಣ್ಣ ಬದಲಾವಣೆಯಲ್ಲ. ನಾವು ಪ್ರಶ್ನೆ ಹಾಕಿದಾಗ ಅದು ತಡಕಾಡುವುದು ಅಂತರ್ಜಾಲವನ್ನಲ್ಲ, ಯಾವ ಪದ ಎಲ್ಲೆಲ್ಲಿದೆ ಎಂದು ಮೊದಲೇ ಬರೆದಿಟ್ಟ ಸೂಚಿಯನ್ನು. ಓದುಗರು ನೋಡುತ್ತಿರುವಾಗಲೇ ಆ ಸೂಚಿಗೆ ಹೊಸ ಸಾಲು ಸೇರಿಸುವುದು ಹೇಗೆ? ಟ್ವಿಟರ್ ತನ್ನದೇ ಹುಡುಕಾಟಕ್ಕೆಂದು 2010ರಲ್ಲಿ ಬಳಕೆಗೆ ತಂದ ‘ಅರ್ಲಿಬರ್ಡ್’ ವ್ಯವಸ್ಥೆಯ ಉತ್ತರ ನನಗೆ ಬಹಳ ಇಷ್ಟ. ಸೂಚಿಯ ಪ್ರತಿ ನಮೂದೂ 32 ಬಿಟ್‌ಗಳ, ಅಂದರೆ 0 ಅಥವಾ 1 ಹಿಡಿಯುವ 32 ಮನೆಗಳ, ಒಂದೇ ಸಂಖ್ಯೆ. ಅದರಲ್ಲಿ 24 ಬಿಟ್ ಟ್ವೀಟ್‌ನ ಗುರುತಿಗೆ, 8 ಬಿಟ್ ಅದರೊಳಗೆ ಪದವಿರುವ ಸ್ಥಾನಕ್ಕೆ. 8 ಬಿಟ್‌ಗಳಲ್ಲಿ 256 ಸ್ಥಾನಗಳನ್ನು ಗುರುತಿಸಬಹುದು. ಆಗ 140 ಅಕ್ಷರಗಳ ಮಿತಿಯಿದ್ದ ಟ್ವೀಟ್‌ಗೆ ಅದು ಧಾರಾಳ. ಹೊಸ ನಮೂದು ಪಟ್ಟಿಯ ತುದಿಗೆ ಸೇರುತ್ತದೆ, ಓದು ಆ ತುದಿಯಿಂದಲೇ ಹಿಂದಕ್ಕೆ ಸಾಗುತ್ತದೆ. ಎಲ್ಲವೂ ಡಿಸ್ಕ್ ಬಿಟ್ಟು ನೇರ ಮೆಮೊರಿಯಲ್ಲಿ. ಹಾಗಾಗಿ ಟ್ವೀಟ್ ಬರೆದ 10 ಸೆಕೆಂಡಿನೊಳಗೆ ಹುಡುಕಿದವರ ಕೈಗೆ ಸಿಗುತ್ತಿತ್ತು.

ವೇಗದ ಲೆಕ್ಕ ಹೀಗೆ ಬಗೆಹರಿಯಿತು, ನಂಬಿಕೆಯದು ಬಗೆಹರಿಯಲಿಲ್ಲ. ಒಂದು ಪುಟಕ್ಕೆ ಬೇರೆ ಯಾವ ಪುಟಗಳು ಕೊಂಡಿ ಕೊಟ್ಟಿವೆ ಎಂಬುದನ್ನು ನೋಡಿ ಅದರ ತೂಕ ಅಳೆಯುವುದು ಗೂಗಲ್‌ನ ಮೂಲ ಉಪಾಯ. ಆ ಕೊಂಡಿಗಳು ಕೂಡಿಬರಲು ಕಾಲ ಬೇಕು. ಈಗಷ್ಟೇ ಹುಟ್ಟಿದ ಸಾಲಿಗೆ ಸಾಕ್ಷಿ ಹೇಳುವವರು ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಬರಹದ ಬದಲು ಬರೆದವರ ವರ್ಚಸ್ಸನ್ನೇ ಅಳೆಯಬೇಕಾಗುತ್ತದೆ.

ಆ ಅಳತೆ ಎಷ್ಟು ದುರ್ಬಲ ಎಂಬುದು 2013ರ ಏಪ್ರಿಲ್ 23ರಂದು ಗೊತ್ತಾಯಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಗೆ ಕನ್ನ ಹಾಕಿದವರು ಶ್ವೇತಭವನದಲ್ಲಿ ಸ್ಫೋಟವಾಗಿದೆ ಎಂದು ಬರೆದರು. ಕೆಲವೇ ನಿಮಿಷಗಳಲ್ಲಿ ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ 140ಕ್ಕೂ ಹೆಚ್ಚು ಅಂಶ ಕುಸಿದು ಮತ್ತೆ ಚೇತರಿಸಿಕೊಂಡಿತು. ಖಾತೆಗೆ ವಿಶ್ವಾಸಾರ್ಹತೆಯ ಕೊರತೆಯಿರಲಿಲ್ಲ, ಸಾಲು ಮಾತ್ರ ಶುದ್ಧ ಸುಳ್ಳು.

ತಾಜಾ ಟ್ವೀಟ್‌ಗಳನ್ನು ತೋರಿಸುತ್ತಿದ್ದ ಗೂಗಲ್‌ನ ಆ ಸೌಲಭ್ಯ 2011ರ ಜುಲೈನಲ್ಲಿ, ಒಪ್ಪಂದದ ಅವಧಿ ಮುಗಿಯುತ್ತಲೇ ನಿಂತುಹೋಗಿತ್ತು. 2015ರಲ್ಲಿ ಹೊಸ ಒಪ್ಪಂದದೊಂದಿಗೆ ಟ್ವೀಟ್‌ಗಳು ಫಲಿತಾಂಶಕ್ಕೆ ಮರಳಿದವು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು 2021ರ ಜೂನ್‌ನಲ್ಲಿ ಬಂದ ಒಂದು ಪುಟ್ಟ ಸೂಚನೆ: ಈ ಫಲಿತಾಂಶಗಳು ಬೇಗಬೇಗ ಬದಲಾಗುತ್ತಿರುವಂತಿದೆ, ವಿಶ್ವಾಸಾರ್ಹ ಮೂಲಗಳು ಬರಲು ಸಮಯ ಹಿಡಿಯಬಹುದು ಎಂದು ಗೂಗಲ್ ಓದುಗರಿಗೆ ಹೇಳತೊಡಗಿತು. ಪ್ರತಿ ತಾಜಾ ಸುದ್ದಿಯ ನೆತ್ತಿಯ ಮೇಲೂ ಅಂಥ ಎರಡು ಸಾಲು ಇರಲೇಬೇಕು, ಅದೂ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ.