ಸಾವಿರ ಡಾಲರ್ ಸಾಲ, ಎರಡು ಸಾವಿರ ಬುಶೆಲ್ ಗೋಧಿ

1881ರ ಸುಮಾರಿಗೆ ಅಮೆರಿಕದ ಕಾನ್ಸಸ್‌ನಲ್ಲಿ ಒಬ್ಬ ರೈತ ಸಾವಿರ ಡಾಲರ್ ಸಾಲ ಮಾಡಿದ ಅಂತಿಟ್ಟುಕೊಳ್ಳಿ. ಆಗ ಒಂದು ಬುಶೆಲ್ ಗೋಧಿಗೆ, ಅಂದರೆ ಸುಮಾರು 27 ಕಿಲೋಗೆ, ಒಂದು ಡಾಲರ್‌ಗಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತಿತ್ತು. ಲೆಕ್ಕ ಸುಲಭವಾಗಲಿ ಅಂತ ಒಂದೇ ಡಾಲರ್ ಎನ್ನೋಣ. ಸಾವಿರ ಬುಶೆಲ್ ಮಾರಿದರೆ ಅಸಲು ತೀರಿತು. 1894ಕ್ಕೆ ಬೆಲೆ 50 ಸೆಂಟಿನ ಆಸುಪಾಸಿಗೆ ಬಿದ್ದಿತ್ತು. ಈಗ ಅದೇ ಅಸಲಿಗೆ ಎರಡು ಸಾವಿರ ಬುಶೆಲ್ ಬೇಕು. ಆತ ಹೊಸದಾಗಿ ಒಂದು ಕಾಸೂ ತಂದಿಲ್ಲ. ಪತ್ರದಲ್ಲಿ ಬರೆದ ಅಂಕಿಯೂ ಬದಲಾಗಿಲ್ಲ. ಆದರೂ ಸಾಲ ಎರಡರಷ್ಟಾಯಿತು.

ರೈಲು ಬಂದು ಹೊಸ ನೆಲವೆಲ್ಲ ಉಳುಮೆಗೆ ಸಿಕ್ಕಿತ್ತು, ಬೆಳೆ ಹೆಚ್ಚಾಗಿತ್ತು, ಅದಕ್ಕೇ ಬೆಲೆ ಬಿತ್ತು ಎಂದು ಹಲವರು ಹೇಳಿದರು. ಅದು ಸುಳ್ಳಲ್ಲ. ಆದರೆ ಬಿದ್ದದ್ದು ಗೋಧಿ ಒಂದೇ ಅಲ್ಲ. ಸುಮಾರು 20 ವರ್ಷ ಹೆಚ್ಚುಕಡಿಮೆ ಎಲ್ಲ ವಸ್ತುಗಳ ಬೆಲೆಯೂ ಇಳಿಯುತ್ತಲೇ ಹೋಯಿತು. ಎಲ್ಲವೂ ಒಟ್ಟಿಗೆ ಅಗ್ಗವಾಗುತ್ತಿದ್ದರೆ, ದುಬಾರಿಯಾಗುತ್ತಿರುವುದು ದುಡ್ಡೇ ಅಲ್ವಾ? ರೈತರ ಅನುಮಾನ ಹೋದದ್ದು ಅಲ್ಲಿಗೆ.

ಅಂತರ್ಯುದ್ಧದ ಖರ್ಚಿಗೆಂದು ಸರ್ಕಾರ 1862ರಲ್ಲಿ ಚಿನ್ನದ ಬೆಂಬಲವಿಲ್ಲದ ಕಾಗದದ ನೋಟು ಹೊರಡಿಸಿತ್ತು. ಅದೇ 'ಗ್ರೀನ್‌ಬ್ಯಾಕ್'. ಯುದ್ಧ ಮುಗಿದ ಮೇಲೆ ಕೈ ಬಿಗಿಯಾಯಿತು. 1879ರ ಜನವರಿ 1ರಿಂದ ಆ ನೋಟು ಕೊಟ್ಟರೆ ಚಿನ್ನ ಕೊಡಬೇಕೆಂದಾಯಿತು. ಅದಕ್ಕೂ ಮೊದಲು, 1873ರ ಕಾಯ್ದೆಯೊಂದು ಬೆಳ್ಳಿ ಡಾಲರನ್ನು ಟಂಕಸಾಲೆ ಹೊಡೆಯಬೇಕಾದ ನಾಣ್ಯಗಳ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟಿತ್ತು. ಅಲ್ಲಿಯವರೆಗೆ ಯಾರು ಬೆಳ್ಳಿ ತಂದರೂ ಡಾಲರ್ ನಾಣ್ಯ ಹೊಡೆದು ಕೊಡುತ್ತಿದ್ದರು. ಆಗ ಯಾರೂ ಗಲಾಟೆ ಮಾಡಲಿಲ್ಲ. ಡಾಲರ್‌ನಲ್ಲಿರುವ ಬೆಳ್ಳಿಗೆ ಪೇಟೆಯಲ್ಲಿ ಡಾಲರ್‌ಗಿಂತ ತುಸು ಹೆಚ್ಚೇ ಸಿಗುತ್ತಿದ್ದಾಗ ಅದನ್ನು ಟಂಕಸಾಲೆಗೆ ಒಯ್ಯುವವರು ಯಾರು? ಮುಂದೆ ನೆವಾಡದ ಗಣಿಗಳಿಂದ ಬೆಳ್ಳಿ ಹರಿದು ಬಂತು, ಜರ್ಮನಿಯೂ ಬೆಳ್ಳಿಯನ್ನು ಕೈಬಿಟ್ಟಿತು, ಬೆಲೆ ಕುಸಿಯಿತು. ಆ ಕಾಯ್ದೆ ಇಲ್ಲದಿದ್ದರೆ ಈಗ ಎಲ್ಲರೂ ಬೆಳ್ಳಿ ಹೊತ್ತು ಟಂಕಸಾಲೆಗೆ ಓಡುತ್ತಿದ್ದರು. ಬಾಗಿಲು ಮುಚ್ಚಿತ್ತು. ಜನ ಆ ಕಾಯ್ದೆಯನ್ನು '73ರ ಅಪರಾಧ' ಎಂದು ಕರೆದರು.

ದಕ್ಷಿಣದ ಹತ್ತಿ ರೈತರ ಪಾಡು ಇನ್ನೂ ಕಷ್ಟ. ಬೀಜ, ಗೊಬ್ಬರ, ಹಿಟ್ಟು ಎಲ್ಲವೂ ಅಂಗಡಿಯಿಂದ ಉದ್ರಿ. ಉದ್ರಿಗೆ ಒಂದು ಬೆಲೆ, ನಗದಿಗೆ ಇನ್ನೊಂದು. ನೆಲದಲ್ಲಿ ಇರುವ ಬೆಳೆಯೇ ಅಡವು. ಸುಗ್ಗಿಯಲ್ಲಿ ಎಲ್ಲರೂ ಒಂದೇ ಸಲ ಮಾರಬೇಕು. ಸರಿಯಾಗಿ ಆಗಲೇ ಹಳ್ಳಿಗಳಲ್ಲಿ ನಗದು ಸಿಗುತ್ತಿರಲಿಲ್ಲ.

ಟೆಕ್ಸಸ್‌ನಲ್ಲಿ ಶುರುವಾದ ರೈತರ ಒಕ್ಕೂಟ 'ಫಾರ್ಮರ್ಸ್ ಅಲಯನ್ಸ್'ನ ಮುಂದಾಳು ಚಾರ್ಲ್ಸ್ ಮಕ್ಯೂನ್ 1889ರಲ್ಲಿ ಇದಕ್ಕೊಂದು ಉಪಾಯ ಮುಂದಿಟ್ಟ. ಸರ್ಕಾರ ಉಗ್ರಾಣ ಕಟ್ಟಲಿ. ರೈತ ಬೆಳೆ ಅಲ್ಲಿಡಲಿ. ಅದರ ಬೆಲೆಯ ಶೇ. 80ರಷ್ಟನ್ನು ತೀರಾ ಕಡಿಮೆ ಬಡ್ಡಿಗೆ ಹೊಸ ನೋಟಿನಲ್ಲಿ ಸಾಲ ಕೊಡಲಿ. ಬೆಲೆ ಬಂದಾಗ ರೈತ ಮಾರಿ ತೀರಿಸಲಿ. ಸುಗ್ಗಿಗೆ ದುಡ್ಡು ಹೆಚ್ಚಬೇಕು, ಆಮೇಲೆ ತಾನಾಗಿ ಇಳಿಯಬೇಕು. ಇಡೀ ಚಳವಳಿಯಲ್ಲಿ ನನಗೆ ಅತಿ ಜಾಣತನದ್ದು ಅನ್ನಿಸುವ ವಿಚಾರ ಇದು. ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಇದನ್ನು ಒಪ್ಪಲಿಲ್ಲ. 1892ರಲ್ಲಿ ಒಮಾಹಾದಲ್ಲಿ ರೈತರು ತಮ್ಮದೇ 'ಪೀಪಲ್ಸ್ ಪಾರ್ಟಿ'ಯ ಪ್ರಣಾಳಿಕೆ ಹೊರಡಿಸಿದರು. ಅಧ್ಯಕ್ಷ ಚುನಾವಣೆಯಲ್ಲಿ ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ 10 ಲಕ್ಷಕ್ಕೂ ಹೆಚ್ಚು ವೋಟು ಬಿತ್ತು.

ಉಗ್ರಾಣದ ಲೆಕ್ಕವನ್ನು ಸಭೆಯಲ್ಲಿ ಕೂಗಿ ಹೇಳುವುದು ಕಷ್ಟ. 'ಹದಿನಾರಕ್ಕೆ ಒಂದು' ಎಂದು ಕೂಗುವುದು ಸುಲಭ. 16 ತೂಕ ಬೆಳ್ಳಿ 1 ತೂಕ ಚಿನ್ನಕ್ಕೆ ಸಮ, ಆ ದರದಲ್ಲಿ ಯಾರು ಬೆಳ್ಳಿ ತಂದರೂ ನಾಣ್ಯ ಹೊಡೆದು ಕೊಡಿ ಎಂಬ ಬೇಡಿಕೆ ಅದು. 1890ರ ದಶಕದ ಮಧ್ಯಕ್ಕೆ ಪೇಟೆಯಲ್ಲಿ ಅದು ಸುಮಾರು 32ಕ್ಕೆ ಒಂದು! 50 ಸೆಂಟಿನ ಬೆಳ್ಳಿಗೆ ಒಂದು ಡಾಲರ್ ಮುದ್ರೆ. ಬೆಳ್ಳಿ ಗಣಿ ಮಾಲೀಕರು ಚಳವಳಿಗೆ ದುಡ್ಡು ಸುರಿದದ್ದು ಸುಮ್ನೆ ಅಲ್ಲ.

ಈ ಜಗಳದಲ್ಲಿ ನಮ್ಮ ರೂಪಾಯಿಯೂ ಇತ್ತು. ಅದು ಬೆಳ್ಳಿ ನಾಣ್ಯ. 1870ರ ದಶಕದ ಆರಂಭದಲ್ಲಿ ಸುಮಾರು 24 ಪೆನ್ಸ್ ಬೆಲೆ ಇದ್ದದ್ದು 1892ಕ್ಕೆ 15ರ ಆಸುಪಾಸಿಗೆ ಬಂದಿತ್ತು. ಹಾಗಾಗಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಮ್ಮ ಗೋಧಿಗೆ ಪೌಂಡ್ ಕಡಿಮೆ ಸಿಕ್ಕರೂ, ಒಂದೊಂದು ಪೌಂಡಿಗೆ ರೂಪಾಯಿ ಜಾಸ್ತಿ ಬರುತ್ತಿತ್ತು. ಕಾನ್ಸಸ್ ರೈತನಿಗೆ ಈ ಆಸರೆ ಇರಲಿಲ್ಲ. ಭಾರತದ ಗೋಧಿಗೆ ಅಗ್ಗದ ಬೆಳ್ಳಿಯ ಬಲವಿದೆ ಎಂಬುದು ಅಲ್ಲಿನ ಬೆಳ್ಳಿವಾದಿಗಳ ದೂರು. 1893ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಟಂಕಸಾಲೆಗಳನ್ನೂ ಜನರ ಬೆಳ್ಳಿಗೆ ಮುಚ್ಚಿತು. ಕೆಲವೇ ದಿನಗಳಲ್ಲಿ ಬೆಳ್ಳಿ ಬೆಲೆ ಕುಸಿದು ಕೊಲೊರಾಡೊದ ಗಣಿಗಳು ನಿಂತವು.

1896ರಲ್ಲಿ ನೆಬ್ರಾಸ್ಕದ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಆಗ ಬರೀ 36 ವರ್ಷ, ಮನುಕುಲವನ್ನು ಚಿನ್ನದ ಶಿಲುಬೆಗೇರಿಸಬೇಡಿ ಎಂದು ಷಿಕಾಗೊದಲ್ಲಿ ಗುಡುಗಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದ. ರೈತರ ಪಕ್ಷವೂ ಅವನನ್ನೇ ಒಪ್ಪಿಕೊಂಡಿತು, ತಾನು ಕರಗಿತು. ಆದರೆ ಕೂಲಿಯ ಮೇಲೆ ಬದುಕುವ ಪಟ್ಟಣದವರಿಗೆ ಬ್ರೆಡ್ಡಿನ ಬೆಲೆ ಏರುತ್ತದೆ ಅಂದರೆ ಖುಷಿಯಾಗುತ್ತದೆಯೇ? ಚಿನ್ನದ ಪರ ನಿಂತ ರಿಪಬ್ಲಿಕನ್ ಪಕ್ಷದ ವಿಲಿಯಂ ಮೆಕಿನ್ಲೆ ಗೆದ್ದ. ರಾಜ್ಯಗಳ ಲೆಕ್ಕದಲ್ಲಿ ಹಂಚುವ ಎಲೆಕ್ಟೋರಲ್ ಮತಗಳಲ್ಲಿ ಅವನಿಗೆ 271, ಬ್ರಯನ್‌ಗೆ 176. ಬಹಳ ಕಾಲದ ನಂತರ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, 1873ರಲ್ಲಿ ಬೆಳ್ಳಿ ಬಿಟ್ಟದ್ದು ತಪ್ಪು, ಆದರೆ 1896ರ ಹೊತ್ತಿಗೆ ಅದಕ್ಕೆ ಮರಳುವ ಕಾಲ ಮೀರಿತ್ತು ಎಂದು ವಾದಿಸಿದರು.

ತಮಾಷೆ ಎಂದರೆ, ರೈತರು ಕೇಳಿದ ಹೆಚ್ಚಿನ ದುಡ್ಡು ಚಿನ್ನದ ರೂಪದಲ್ಲೇ ಬಂತು. ಸಯನೈಡ್ ಬಳಸಿ ಕಳಪೆ ಅದಿರಿನಿಂದಲೂ ಚಿನ್ನ ತೆಗೆಯುವುದು ಸಾಧ್ಯವಾಗಿತ್ತು. ದಕ್ಷಿಣ ಆಫ್ರಿಕದಿಂದ, ಕೆನಡಾದ ಕ್ಲಾಂಡೈಕ್‌ನಿಂದ ಚಿನ್ನ ಬಂತು. ನಮ್ಮ ಕೋಲಾರದ್ದೂ ಅದರಲ್ಲಿ ಒಂದು ಸಣ್ಣ ಪಾಲು. 1897ರಿಂದ ಬೆಲೆಗಳು ಏರತೊಡಗಿದವು. 1909ರ ಹೊತ್ತಿಗೆ ಗೋಧಿ ಮತ್ತೆ ಡಾಲರಿನ ಹತ್ತಿರ ಬಂತು. ಅಷ್ಟರಲ್ಲಿ ಕಾನ್ಸಸ್‌ನ ಸಾವಿರಾರು ಹೊಲಗಳು ಸಾಲ ಕೊಟ್ಟವರ ಪಾಲಾಗಿದ್ದವು.