ಪೆನ್ಸಿಲ್ವೇನಿಯಾದ ಗನ್ ಪರ್ಮಿಟ್ ನ್ಯೂಜೆರ್ಸಿಯಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ನಾವು ಫಿಲಡೆಲ್ಫಿಯಾ ಹತ್ತಿರ ಇದ್ದೇವೆ. ಹ್ಯಾಂಡ್‌ಗನ್ ಜೊತೆಗಿಟ್ಟುಕೊಂಡು ಓಡಾಡಲು ನನಗೆ ಪೆನ್ಸಿಲ್ವೇನಿಯಾದ ಪರ್ಮಿಟ್ ಇದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಗೆ ಆಗಾಗ ಹೋಗುತ್ತೇವೆ. ಗನ್ ಕಾರಿನಲ್ಲಿದ್ದರೆ ತೊಂದರೆಯೇ?

ಉತ್ತರ: ದೊಡ್ಡ ತೊಂದರೆಯೇ. ದಯವಿಟ್ಟು ಅದನ್ನು ಮನೆಯಲ್ಲೇ ಬೀಗ ಹಾಕಿಟ್ಟು ಹೋಗಿ.

ಡ್ರೈವಿಂಗ್ ಲೈಸೆನ್ಸ್ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದಲ್ವಾ, ಇದೂ ಹಾಗೇ ಅಂದುಕೊಳ್ಳುವವರು ಜಾಸ್ತಿ. ಆದರೆ ಗನ್ ಪರ್ಮಿಟ್ ಕೊಡುವುದು ರಾಜ್ಯ. ಪಕ್ಕದ ರಾಜ್ಯ ಅದನ್ನು ಒಪ್ಪಬೇಕೆಂದೇನೂ ಇಲ್ಲ. ಟೆಕ್ಸಾಸ್‌ನಲ್ಲಿ 2021ರಿಂದ ಹೆಚ್ಚಿನ ವಯಸ್ಕರಿಗೆ ಪರ್ಮಿಟ್ಟೇ ಬೇಡ. ನ್ಯೂಜೆರ್ಸಿ, ಮೇರಿಲ್ಯಾಂಡ್‌ಗಳಲ್ಲಿ ಹೊರಗಿನ ಪರ್ಮಿಟ್ ತೋರಿಸಿ ಗನ್ ಇಟ್ಟುಕೊಂಡು ಓಡಾಡುವಂತಿಲ್ಲ.

2013ರಲ್ಲಿ ನಿಮ್ಮ ಫಿಲಡೆಲ್ಫಿಯಾದವರೇ ಒಬ್ಬ ಮಹಿಳೆ ಸಿಕ್ಕಿಬಿದ್ದರು. ನ್ಯೂಜೆರ್ಸಿಯಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ, ಗನ್ ಇದೆ, ಪೆನ್ಸಿಲ್ವೇನಿಯಾದ ಪರ್ಮಿಟ್ಟೂ ಇದೆ ಎಂದು ತಾವೇ ಹೇಳಿದರು. ಅಲ್ಲೇ ಬಂಧನ. ವರ್ಷಗಟ್ಟಲೆ ಜೈಲಾಗಬಹುದಾದ ಕೇಸು. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಎಲ್ಲರಿಗೂ ಗವರ್ನರ್ ಕ್ಷಮಾದಾನ ಸಿಗುವುದಿಲ್ಲ.

2022ರಲ್ಲಿ ಸುಪ್ರೀಂ ಕೋರ್ಟ್ ನ್ಯೂಯಾರ್ಕ್ ಕೇಸಿನಲ್ಲಿ, ಮನೆಯ ಹೊರಗೂ ಗನ್ ಇಟ್ಟುಕೊಳ್ಳುವ ಹಕ್ಕಿದೆ ಎಂದಿತು ನಿಜ. ಆದರೆ ಪರ್ಮಿಟ್ ಪದ್ಧತಿ ಹಾಗೇ ಉಳಿದಿದೆ. ಬೇಕಿದ್ದರೆ ಹೊರಗಿನವರೂ ನ್ಯೂಜೆರ್ಸಿಯ ಪರ್ಮಿಟ್‌ಗೇ ಅರ್ಜಿ ಹಾಕಬಹುದು.

ಸುಮ್ನೆ ಆ ರಾಜ್ಯ ದಾಟಿ ಮುಂದೆ ಹೋಗುವವರಿಗೆ 1986ರ ಕೇಂದ್ರ ಕಾನೂನಿನ ರಕ್ಷಣೆ ಇದೆ. ಹೊರಡುವ ಜಾಗ, ತಲುಪುವ ಜಾಗ ಎರಡರಲ್ಲೂ ಆ ಗನ್ ಇಟ್ಟುಕೊಳ್ಳಲು ನಿಮಗೆ ಹಕ್ಕಿರಬೇಕು. ಗುಂಡು ತೆಗೆದಿರಬೇಕು, ಗನ್ನೂ ಗುಂಡೂ ಕೈಗೆ ಸಿಗದ ಡಿಕ್ಕಿಯಲ್ಲಿರಬೇಕು. ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ವಿಮಾನ ತಪ್ಪಿ, ಗನ್ನಿದ್ದ ಬ್ಯಾಗ್ ಜೊತೆ ರಾತ್ರಿ ಹೋಟೆಲ್‌ನಲ್ಲಿ ಉಳಿದ ಪ್ರಯಾಣಿಕನಿಗೆ ಈ ರಕ್ಷಣೆ ಸಿಗಲಿಲ್ಲ.

ನೀವು ಕೇಳದಿದ್ದರೂ ನಮ್ಮವರಿಗೆ ಹೇಳಲೇಬೇಕಾದ್ದು ಇನ್ನೊಂದಿದೆ. ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಕುಟುಂಬದವರ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ), ಟೂರಿಸ್ಟ್ ವೀಸಾದವರು ಗನ್ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನೇ ತಡೆಯುತ್ತದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಮಾತ್ರ ಉಂಟು. ರಾಜ್ಯ ಎಷ್ಟೇ ಸಡಿಲವಾಗಿರಲಿ, ಇದು ಬದಲಾಗದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಆದರೆ ಗನ್ ಕೇಸಿನಲ್ಲಿ ಶಿಕ್ಷೆಯಾದರೆ ಅವರನ್ನೂ ದೇಶದಿಂದ ಹೊರಹಾಕಬಹುದು.