ಟಿ-ಸ್ಕೋರ್: ಎಲುಬಿನ ರಿಪೋರ್ಟಿನಲ್ಲಿರುವ ಮೈನಸ್ ಅಂಕಿ

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದವರ ರಿಪೋರ್ಟಿನಲ್ಲಿ ‘ಟಿ-ಸ್ಕೋರ್’ ಎಂಬ ಅಂಕಿ ಇರುತ್ತದೆ. ಆರೋಗ್ಯವಂತ ಯುವ ವಯಸ್ಸಿನವರ ಸರಾಸರಿಗಿಂತ ನಿಮ್ಮ ಎಲುಬಿನ ಸಾಂದ್ರತೆ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬ ಲೆಕ್ಕ ಅದು. ಸೊನ್ನೆ ಎಂದರೆ ಆ ಸರಾಸರಿಗೆ ಸಮ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಅಳತೆಯಂತೆ −1 ಮತ್ತು ಅದಕ್ಕಿಂತ ಮೇಲಿದ್ದರೆ ಸರಿ, −1ರಿಂದ −2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ, −2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ಸುಲಭವಾಗಿ ಮುರಿಯುವ ರೋಗ. ಈ ಲೆಕ್ಕ ಮುಟ್ಟು ನಿಂತ ಹೆಂಗಸರಿಗೆ, 50 ದಾಟಿದ ಗಂಡಸರಿಗೆ. ಉಳಿದವರಿಗೆ ಅವರವರ ವಯಸ್ಸಿನವರ ಜೊತೆ ಹೋಲಿಸುವ ಝಡ್-ಸ್ಕೋರ್ ನೋಡುತ್ತಾರೆ.

ಶಿಬಿರಗಳಲ್ಲಿ ಹಿಮ್ಮಡಿ ಇಡಿಸಿಕೊಂಡು ಕೊಡುವ ಚೀಟಿಯಲ್ಲೂ ಟಿ-ಸ್ಕೋರ್ ಎಂದೇ ಬರೆದಿರುತ್ತದೆ. ಅದು ಅಲ್ಟ್ರಾಸೌಂಡ್ ಅಳತೆ, −2.5ರ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಆ ಚೀಟಿ ನೋಡಿ ಗಾಬರಿಯಾಗಬೇಡಿ, ಅದೊಂದನ್ನೇ ನಂಬಿ ಮಾತ್ರೆಯನ್ನೂ ಶುರು ಮಾಡಬೇಡಿ.

ಡೆಕ್ಸಾದಲ್ಲಿ ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಸೊಂಟದ ಭಾಗದ ಬೆನ್ನೆಲುಬು ಮತ್ತು ತೊಡೆಯ ಮೇಲ್ತುದಿಯ ಮೂಲಕ ಹಾಯುತ್ತದೆ. ಉಡದಾರ, ಡಾಬು ಸರಿಯಾಗಿ ಅದೇ ಜಾಗದಲ್ಲಿ ಅಡ್ಡ ಬರುವುದರಿಂದ ಮೊದಲೇ ಬಿಚ್ಚಿಡಬೇಕು. ವಿಕಿರಣಕ್ಕೆ ಹೆದರಿ ಈ ಪರೀಕ್ಷೆ ತಪ್ಪಿಸುವವರಿದ್ದಾರೆ. ಇದರಲ್ಲಿ ಮೈಗೆ ತಾಗುವುದು ಕೆಲವೇ ಮೈಕ್ರೋಸೀವರ್ಟ್. ನೆಲ, ಆಕಾಶ, ಅನ್ನ, ನೀರಿನಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ಹೇಗೂ ತಾಗುತ್ತಿರುತ್ತದೆ. ಬಸುರಿಯಿದ್ದರೆ ಅಥವಾ ಆ ಅನುಮಾನ ಇದ್ದರೆ ಮಾತ್ರ ಮುಂಚೆಯೇ ಹೇಳಲೇಬೇಕು.

ನಮ್ಮ ಕಡೆಯವರು ಮುಖ್ಯವಾಗಿ ತಿಳಿಯಬೇಕಾದದ್ದು ಬೇರೆಯೇ ಇದೆ. ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಸೇರಿಕೊಳ್ಳುತ್ತದೆ. ಆಗ ಬೆನ್ನೆಲುಬು ಎಕ್ಸ್‌ರೇಯಲ್ಲಿ ಇರಬೇಕಾದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಟಿ-ಸ್ಕೋರ್ ಪ್ಲಸ್ಸಿಗೂ ಏರಬಹುದು. ಯಂತ್ರ ಅಳೆಯುವುದು ಖನಿಜ ಎಷ್ಟಿದೆ ಎಂಬುದನ್ನು. ಆ ಎಲುಬು ಪೆಟ್ಟು ತಡೆಯುತ್ತದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹೀಗೆ ಫ್ಲೋರೈಡ್ ಸೇರಿ ಬರುವ ರೋಗವೇ ಫ್ಲೋರೋಸಿಸ್. ಅದು ಆದ ಎಲುಬು ದಟ್ಟವಾಗಿದ್ದೂ ಪೆಡಸಾಗಿರುತ್ತದೆ, ಮುರಿಯುತ್ತದೆ. ಹೀಗಾಗಿ “ಸ್ಕೋರ್ ಚಲೋ ಐತಿ” ಎಂದು ಮನೆಗೆ ಕಳಿಸಿದರೂ ನೋವು ಹೋಗಿರುವುದಿಲ್ಲ.

ಬೆನ್ನು ಬಗ್ಗುತ್ತಿಲ್ಲ, ಕುತ್ತಿಗೆ ತಿರುಗುತ್ತಿಲ್ಲ, ರಿಪೋರ್ಟ್ ಮಾತ್ರ ಚೆನ್ನಾಗಿದೆ ಎಂದಾದರೆ ಯಾವ ಊರಿನ ಯಾವ ನೀರು ಎಷ್ಟು ವರ್ಷ ಕುಡಿದಿರಿ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ. ಮುಂಗೈಯ ಸಾದಾ ಎಕ್ಸ್‌ರೇ ಬೇಕೇ ಎಂದೂ ಕೇಳಿ. ಅಲ್ಲಿನ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅದು ಫ್ಲೋರೋಸಿಸ್‌ನ ಮುಖ್ಯ ಗುರುತುಗಳಲ್ಲಿ ಒಂದು.